ಮೊದಲು ಕೇಳಲಿ, ಆಮೇಲೆ ಮುಟ್ಟಲಿ

ಮಾನ್ಯರೇ,

ಈಚೆಗೆ ಬೆಳಗ್ಗೆ ಪತ್ರಿಕೆ ಬಿಡಿಸಿದರೆ ವಾರಕ್ಕೊಮ್ಮೆಯಾದರೂ ಮಸಾಜ್ ಕೇಂದ್ರದ ಕರಪತ್ರ ಮಡಿಲಿಗೆ ಉದುರುತ್ತದೆ. ಸ್ವೀಡಿಷ್, ಥಾಯ್, ಡೀಪ್ ಟಿಶ್ಯೂ, ಪಿಳಿಚ್ಚಿಲ್, ಎಲ್ಲದರ ದರವೂ ಅದರಲ್ಲಿರುತ್ತದೆ. ಮಾಡುವವರು ಎಲ್ಲಿ ಕಲಿತವರು ಎಂಬುದು ಮಾತ್ರ ಇರುವುದಿಲ್ಲ.

31 ವರ್ಷ ಬಸ್ ಓಡಿಸಿ ಸವೆದ ಸೊಂಟ ನನ್ನದು. ಕಳೆದ ವರ್ಷ ಅಂಥದೊಂದು ಕರಪತ್ರ ಹಿಡಿದು ಹೋಗಿ, ದರ ಹೆಚ್ಚಿದ್ದರೆ ಗುಣವೂ ಹೆಚ್ಚೆಂದು ನಂಬಿ ಡೀಪ್ ಟಿಶ್ಯೂ ಆರಿಸಿದೆ. ಹುಡುಗ ಮೊಣಕೈ ಊರಿ ಒತ್ತಿದ. ನಾನು ನರಳಿದರೆ, ‘ಗಂಟು ಬಿಡುತ್ತಿದೆ ಸಾರ್’ ಎಂದ. ಮರುದಿನ ಸ್ನಾನಕ್ಕೆ ಅಂಗಿ ತೆಗೆದಾಗ ಹೆಂಡತಿ ಹೌಹಾರಿದಳು. ಬೆನ್ನು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸ್ಟೆಂಟ್ ಹಾಕಿಸಿಕೊಂಡವನು ನಾನು, ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗುತ್ತೇನೆ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಹೋದದ್ದು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗೆ. ಅಲ್ಲಿನ ವೈದ್ಯೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಾದ ಬಿಎನ್‌ವೈಎಸ್ ಓದಿದವರು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಅದು. ಮೊದಲು ನನ್ನ ಮಾತ್ರೆಗಳ ಚೀಟಿ ನೋಡಿದರು, ಬಳಿಕ ಮೀನಖಂಡ ಮುಟ್ಟಿ ಊತವಿದೆಯೇ ಎಂದು ಪರೀಕ್ಷಿಸಿದರು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಉಜ್ಜಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದಂತೆ! ಥಾಯ್ ಪದ್ಧತಿಯಲ್ಲಿ ಎಣ್ಣೆಯಿಲ್ಲದೆ, ಬಟ್ಟೆ ತೊಟ್ಟಂತೆಯೇ ಹಾಸಿನ ಮೇಲೆ ಮಲಗಿಸಿ ಕೈಕಾಲು ಎಳೆದು ಬಾಗಿಸುತ್ತಾರೆ, ನಿಮ್ಮ ಸೊಂಟಕ್ಕೆ ಅದು ಬೇಡ ಎಂದರು. ಬೆಚ್ಚನೆಯ ಎಳ್ಳೆಣ್ಣೆ ಹಚ್ಚಿ, ಒತ್ತದೆ, ಅಂಗೈಯಿಂದ ಉದ್ದಕ್ಕೆ ನೀವುವ ಅಭ್ಯಂಗವಷ್ಟೇ ಸಾಕೆಂದು ಬರೆದುಕೊಟ್ಟರು. ದೀಪಾವಳಿಯಲ್ಲಿ ನಮ್ಮಜ್ಜಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ. ಜ್ವರವೋ ಅಜೀರ್ಣವೋ ಇದ್ದರೆ ಆಕೆ ಎಣ್ಣೆ ಬಟ್ಟಲನ್ನು ಹತ್ತಿರಕ್ಕೇ ತರುತ್ತಿರಲಿಲ್ಲ.

ಈಗ ನನಗೆ ಮಸಾಜ್ ಮಾಡುವವರು ಮಿತಭಾಷಿ. ಆದರೂ ಕೈ ಸೊಂಟದ ಹತ್ತಿರ ಬಂದಾಗಲೆಲ್ಲ ‘ಇಷ್ಟು ಭಾರ ಆದೀತೇ?’ ಎಂದು ಕೇಳಿಯೇ ಮುಂದುವರಿಯುತ್ತಾರೆ.

ಬಸ್ ಓಡಿಸುವಾಗ ನನ್ನ ಕಿಸೆಯಲ್ಲಿ ಲೈಸೆನ್ಸ್, ಎದೆಯ ಮೇಲೆ ಬ್ಯಾಡ್ಜ್ ಇರಲೇಬೇಕಿತ್ತು. ಮಸಾಜ್ ಕೇಂದ್ರಗಳೂ ದರಪಟ್ಟಿಯ ಪಕ್ಕದಲ್ಲಿ ಚಿಕಿತ್ಸಕರ ತರಬೇತಿಯ ವಿವರ ಹಾಕಲಿ. ಕಾಯಿಲೆ, ಮಾತ್ರೆ, ಶಸ್ತ್ರಚಿಕಿತ್ಸೆಗಳ ಬಗ್ಗೆ ಬಂದವರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ. ವ್ಯಾಪಾರ ಪರವಾನಗಿ ಕೊಡುವಾಗ ಪಾಲಿಕೆಯವರು ಇಷ್ಟನ್ನು ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಬಸ್ ಚಾಲಕ, ತುಮಕೂರು