ಎಳೆಹಗ್ಗದ ವಿಷಯ

ಸೇಂಟ್ ಪೀಟರ್ಸ್‌ಬರ್ಗ್
ಮಾರ್ಚ್ 9

ತೀರ್ಥರೂಪ ಅಪ್ಪಯ್ಯನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ ಕೊಟ್ಟುಕಳಿಸಿದ ಒಣ ಚಟ್ಲಿ ಮುಗಿಯುತ್ತಾ ಬಂತು. ಹುರಿಯುವಾಗ ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಮನೆಯೊಡತಿ ಅಜ್ಜಿಗೆ ಕೆಮ್ಮು.

ಭಾನುವಾರ ಆ ಅಜ್ಜಿ ನನ್ನನ್ನು ಕೂರಿಸಿಕೊಂಡು ಹಳೆಯ ಸಿನಿಮಾ ಒಂದನ್ನು ತೋರಿಸಿದರು. 1962ರದ್ದು, ಕಪ್ಪು ಬಿಳುಪು, ಗಿಯೋರ್ಗಿ ದನೇಲಿಯಾ ನಿರ್ದೇಶನ. ಹೆಸರು ‘ಪುತ್ ಕ್ ಪ್ರಿಚಾಲು’, ಅಂದರೆ ಹಡಗು ತಂಗುವ ಧಕ್ಕೆಯ ದಾರಿ. ಕಥೆ ವಿಕ್ಟರ್ ಕೊನೆತ್ಸ್ಕಿ ಅವರದು. ಇದೇ ಊರಿನವರು, ಲೇಖಕರಾಗುವ ಮೊದಲು ಉತ್ತರದ ಕಡಲಿನಲ್ಲಿ ಹಡಗುಗಳನ್ನು ರಕ್ಷಿಸುವ ಕೆಲಸದಲ್ಲಿದ್ದರಂತೆ.

ನಾಯಕ ರೊಸೊಮಾಖಾ ಒಬ್ಬ ಬೋತ್ಸ್‌ಮನ್. ನಮ್ಮಲ್ಲಿ ಹಡಗಿಗೆ ಹೋದವರು ಸಾರಂಗ ಎನ್ನುತ್ತಾರಲ್ಲ, ಅವನೇ. ಆ ಹೆಸರು ಇಲ್ಲಿನ ಒಂದು ಕಾಡುಪ್ರಾಣಿಯದು. ಬೋರಿಸ್ ಆಂದ್ರೆಯೆವ್ ಎಂಬ ಆಜಾನುಬಾಹು ನಟ. ಮಾತು ಕಡಿಮೆ, ಮುಖ ಗಂಟು. ನಡುವೆ ಹಳೆಯ ಪ್ರೀತಿಯ ಕಥೆಯೂ ಒಂದು ಬರುತ್ತದೆ. ನನಗೆ ಅದಕ್ಕಿಂತ ಆತ ಸುಮ್ಮನೆ ನಿಂತಿದ್ದಾಗಿನ ಭುಜಗಳೇ ಹೆಚ್ಚು ಹೇಳಿದವು. ಗಂಗೊಳ್ಳಿಯ ಧಕ್ಕೆಯಲ್ಲಿ ಬಲೆಯ ಲೆಕ್ಕ ನೋಡುತ್ತಾ ನಿಲ್ಲುವ ನಿಮ್ಮದೇ ನಿಲುವು.

ಎಂಜಿನ್ ಸತ್ತ ಹಡಗೊಂದರಲ್ಲಿ ಅವನೂ ಕೆಲವು ಹುಡುಗರೂ ಇದ್ದಾರೆ. ಮುಂದೆ ರಕ್ಷಣಾ ಹಡಗು ಅದನ್ನು ಎಳೆಯುತ್ತಿದೆ. ಬಿರುಗಾಳಿ. ಅಷ್ಟರಲ್ಲಿ ಬೇರೊಂದು ಹಡಗು ಮುಳುಗುತ್ತಿದೆ ಎಂದು ಕರೆ ಬರುತ್ತದೆ. ಹಿಂದೆ ಕಟ್ಟಿಕೊಂಡವರನ್ನು ಬಿಟ್ಟು ಹೋಗಲು ಮುಂದಿನ ಕ್ಯಾಪ್ಟನ್‌ಗೆ ಬಾಯಿ ಬರುವುದಿಲ್ಲ. ಹಾಗಾಗಿ ಹಿಂದಿದ್ದ ರೊಸೊಮಾಖಾ ತಾನೇ ಎಳೆಹಗ್ಗವನ್ನು ಬಿಟ್ಟುಬಿಡುತ್ತಾನೆ.

ಆ ಹೊತ್ತಿಗೆ ಅಜ್ಜಿ ಚಹಾದ ಲೋಟ ಕೆಳಗಿಟ್ಟರು. ಅವರ ಗಂಡನೂ ಮೂರ್ಮನ್‌ಸ್ಕ್‌ನಿಂದ ಹಡಗು ಹತ್ತುತ್ತಿದ್ದರು. ಆಮೇಲೆ ಚಿತ್ರದ ಗೆಳೆತನದ ಹಾಡನ್ನು, ಆಂದ್ರೇಯ್ ಪೆತ್ರೋವ್ ಸಂಗೀತದ್ದು, ಬಟ್ಟಲು ತೊಳೆಯುತ್ತಾ ಗುನುಗಿದರು. ಅವರ ಬೆನ್ನು ನನ್ನ ಕಡೆಗಿತ್ತು.

ಮುಂದೇನಾಯಿತೆಂದು ಬರೆಯುವುದಿಲ್ಲ. ಜೂನ್‌ನಲ್ಲಿ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳು ದಡಕ್ಕೆ ಬಂದಾಗ ನಾನೂ ಊರಲ್ಲಿರುತ್ತೇನೆ, ಒಟ್ಟಿಗೆ ನೋಡೋಣ. ಮಾತು ನಾನು ಕನ್ನಡದಲ್ಲಿ ಹೇಳುತ್ತೇನೆ. ಅಮ್ಮ ನಡುವೆ ಎದ್ದು ಹೋಗಬಾರದು.

ಒಂದು ಮಾತು ಕೇಳಬೇಕಿತ್ತು. ನಾನು ಏಳನೇ ತರಗತಿಯಲ್ಲಿದ್ದ ವರ್ಷದ ತೂಫಾನಿನಲ್ಲಿ ನೀವು ಎಳೆದು ತರುತ್ತಿದ್ದ ಬೋಟು ಅಳಿವೆಯ ಹೊರಗೇ ಉಳಿಯಿತಲ್ಲ? ಮರುದಿನ ಮರವಂತೆಯಲ್ಲಿ ದಡಕ್ಕೆ ಬಿತ್ತು, ನಾಲ್ವರೂ ಉಳಿದರು. ಹಗ್ಗ ತುಂಡಾಯಿತು ಎಂದಷ್ಟೇ ಹೇಳಿದ್ದಿರಿ. ತುಂಡಾಯಿತೋ ಅಪ್ಪಯ್ಯ, ಅವರೇ ಬಿಟ್ಟರೋ?

ನಿಮ್ಮ ಮಗಳು