ಟ್ರಾಕೇನರ್ ತಳಿ: ಸದಸ್ಯರ ಗಮನಕ್ಕೆ

ಟ್ರಾಕೇನರ್ ಕುದುರೆಯನ್ನು ಉಳಿದ ಜರ್ಮನ್ ವಾರ್ಮ್‌ಬ್ಲಡ್‌ಗಳ (ಸವಾರಿ, ಕ್ರೀಡೆಗೆ ಬೆಳೆಸಿದ ಮಧ್ಯಮ ಮೈಕಟ್ಟಿನ ಕುದುರೆ ತಳಿಗಳ) ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವಂಶಾವಳಿ ಪುಸ್ತಕಕ್ಕೆ ಹೊರಗಿನಿಂದ ಬರಬಹುದಾದದ್ದು ಥರೋಬ್ರೆಡ್, ಅರಬ್, ಆಂಗ್ಲೋ-ಅರಬ್, ಶಾಗ್ಯಾ ಎಂಬ ಕುದುರೆ ತಳಿಗಳ ರಕ್ತ ಮಾತ್ರ. ಹಾಗಾಗಿ ಮೈಕಟ್ಟು ಹಗುರ, ಟ್ರಾಟ್‌ನಲ್ಲಿ (ಮಧ್ಯಮ ವೇಗದ ಓಟದಲ್ಲಿ) ತೇಲುವ ನಡೆ, ಎತ್ತರ ಸಾಮಾನ್ಯವಾಗಿ 160–170 ಸೆಂ.ಮೀ. ಸೂಕ್ಷ್ಮ ಸ್ವಭಾವ ಬೇರೆ: ಹಿಮ್ಮಡಿಯಿಂದ ಒತ್ತುತ್ತಲೇ ಲಗಾಮು ಎಳೆದರೆ ತಲೆ ಎತ್ತಿ ಬೆನ್ನು ಸೆಟೆದುಕೊಳ್ಳುತ್ತದೆ. ಹೊಸಬರಿಗೆ ಇದು ಬೇಡ ಎಂದೇ ನಮ್ಮ ಸಲಹೆ.

ಹಳೆಯ ಜರ್ಮನ್ ರಾಜ್ಯ ಪ್ರಶ್ಯದ ದೊರೆ 1ನೇ ಫ್ರೆಡ್ರಿಕ್ ವಿಲ್ಹೆಲ್ಮ್ 1732ರಲ್ಲಿ ಪೂರ್ವ ಪ್ರಶ್ಯದ ಟ್ರಾಕೇನನ್‌ನಲ್ಲಿ ಅಶ್ವಶಾಲೆ ತೆರೆದ. ಸೇನೆಗೆ ವೇಗವೂ ದಮ್ಮೂ ಇರುವ ಕುದುರೆ ಬೇಕಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1945ರ ಚಳಿಗಾಲದಲ್ಲಿ ನಿರಾಶ್ರಿತರ ಗಾಡಿ ಎಳೆಯುತ್ತ, ಹೆಪ್ಪುಗಟ್ಟಿದ ವಿಸ್ಟುಲಾ ಹಿನ್ನೀರಿನ ಮೇಲೆ ಇವು ಪಶ್ಚಿಮಕ್ಕೆ ನಡೆದವು. ಗರ್ಭ ಧರಿಸಿದ ಹೆಣ್ಣು ಕುದುರೆಗಳೂ ಇದ್ದವು. ಉಳಿದದ್ದು ತೀರಾ ಕೆಲವು, ಇಂದಿನ ಪಶ್ಚಿಮದ ತಳಿ ನಿಂತಿರುವುದು ಅವುಗಳ ಮೇಲೆ.

ಸಾಂಪ್ರದಾಯಿಕ ಗುರುತು: ತೊಡೆಯ ಮೇಲೆ ಜೋಡಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಕೊಂಬಿನ ಮುದ್ರೆ. ಮುದ್ರೆಯನ್ನಷ್ಟೇ ನಂಬದೆ ಪಾಸ್‌ಪೋರ್ಟ್, ಮೈಕ್ರೋಚಿಪ್ ಸಂಖ್ಯೆ ತಾಳೆ ನೋಡಿ.

ಮರಿ ಮಾಡಿಸುವವರು ಮೊದಲು ಫ್ರಜೈಲ್ ಫೋಲ್ ಸಿಂಡ್ರೋಮ್ ಎಂಬ ವಂಶವಾಹಿ ರೋಗದ ಪರೀಕ್ಷೆ ಮಾಡಿಸಿ. ಬುಡಸಮೇತ ಕಿತ್ತ ಕೂದಲು ಸಾಕು. ವಾಹಕ ಕುದುರೆ (ದೋಷದ ಜೀನ್ ಒಂದೇ ಪ್ರತಿ ಇರುವುದು) ನೋಡಲು ಆರೋಗ್ಯವಾಗಿಯೇ ಇರುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ಶೇ. 25 ಅಪಾಯ: ಚರ್ಮ ಹರಿಯುವ, ಕೀಲು ಸಡಿಲವಾದ, ಬದುಕದ ಮರಿ. ಒಬ್ಬರೇ ವಾಹಕರಾದರೆ ಮರಿಗೆ ರೋಗ ಬರುವುದಿಲ್ಲ.