ಅಜ್ಜಿಯ ಭರಣಿ, ನನ್ನ ಟ್ಯೂಬು

ಬ್ರೌನ್‌ಶ್ವೈಗ್, ಜರ್ಮನಿ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ.

ನಾನು ಸೌಖ್ಯ. ಬದಿಯಡ್ಕದಲ್ಲಿ ಮಳೆ ಜೋರು ಅಂತ ತಮ್ಮ ಹೇಳಿದ. ಅಡಿಕೆಗೆ ಮದ್ದು ಬಿಟ್ಟು ಆಯಿತಾ?

ಈ ವಾರ ಲ್ಯಾಬಿನಲ್ಲಿ ಯಾವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ಯಾವುದಕ್ಕೆ ಬೇಡ ಎಂದು ನೋಡಿದೆವು. ಬ್ಯಾಕ್ಟೀರಿಯಾ ಬೆಳೆಸಲು ಥಯೋಗ್ಲೈಕೊಲೇಟ್ ಎಂಬ ದ್ರವವನ್ನು ಉದ್ದದ ಟ್ಯೂಬಿನಲ್ಲಿ ತುಂಬಿಸಿರುತ್ತಾರೆ. ಅದಕ್ಕೆ ಚೂರೇ ಚೂರು ಅಗರ್ (ದ್ರವವನ್ನು ಮಂದ ಮಾಡುವ ಅಂಟು) ಸೇರಿಸುವುದರಿಂದ ಮೇಲಿನ ಗಾಳಿ ಬೇಗ ಕೆಳಗಿಳಿಯುವುದಿಲ್ಲ. ಅದರಲ್ಲಿ ಒಂದು ಬಣ್ಣದ ಪುಡಿಯೂ ಇರುವುದರಿಂದ ಆಮ್ಲಜನಕ ಇರುವಷ್ಟು ಭಾಗ ಮಾತ್ರ ಗುಲಾಬಿ ಬಣ್ಣ. ನಾವು ನೋಡಿದ್ದು ಮೂರು ಬ್ಯಾಕ್ಟೀರಿಯಾ. ಸೂಡೊಮೋನಾಸ್ ಮೇಲ್ಗಡೆ ಬೆಳೆಯುತ್ತದೆ. ಇ. ಕೋಲೈ ಎಲ್ಲ ಕಡೆ ಇರುತ್ತದೆ, ಮೇಲೆ ಜಾಸ್ತಿ. ಕ್ಲಾಸ್ಟ್ರಿಡಿಯಂ ಕೆಳಗಡೆ ಮಾತ್ರ. ಆಮ್ಲಜನಕ ಅದಕ್ಕೆ ವಿಷ. ಅಪ್ಪ, ನಮ್ಮ ಗೋಬರ್ ಗ್ಯಾಸಿನ ಗುಂಡಿಯಲ್ಲಿ ಮೀಥೇನ್ ಮಾಡುವ ಜೀವಿಗಳೂ ಗಾಳಿ ಆಗದವೇ.

ಮೊದಲ ಸಲ ನಾನು ಟ್ಯೂಬನ್ನು ಚೆನ್ನಾಗಿ ಕುಲುಕಿಬಿಟ್ಟೆ. ಗುಲಾಬಿ ಬಣ್ಣ ತಳದವರೆಗೆ ಇಳಿಯಿತು. ಎರಡು ದಿನ ಕಾದರೂ ಕ್ಲಾಸ್ಟ್ರಿಡಿಯಂ ಬೆಳೆಯಲೇ ಇಲ್ಲ. ತುಂಬಾ ಬೇಜಾರಾಯಿತು. ಆಗ ನೆನಪಾದದ್ದು ಹಲಸಿನ ಉಪ್ಪುಸೊಳೆಯ ಭರಣಿ. ಸಣ್ಣವನಿದ್ದಾಗ ಸುಮ್ನೆ ಅದರೊಳಗೆ ಕೈ ಹಾಕಿದ್ದಕ್ಕೆ ಅಜ್ಜಿ ಎಷ್ಟು ಬೈದಿದ್ದರು! ಸೊಳೆ ಉಪ್ಪುನೀರಿನಿಂದ ಮೇಲೆ ಬರಬಾರದೆಂದು ಕಲ್ಲು ಹೇರಿ ಇಡುತ್ತಿದ್ದರಲ್ವಾ? ಬೂಷ್ಟಿಗೆ ಗಾಳಿ ಬೇಕು. ಅದು ಸಿಗದ ಹಾಗೆ ಅಜ್ಜಿ ನೋಡಿಕೊಳ್ಳುತ್ತಿದ್ದರು. ಎರಡನೇ ಸಲ ದ್ರವವನ್ನು ಕುದಿಸಿ, ಒಳಗಿನ ಗಾಳಿ ಹೋಗಿಸಿ, ತಣಿಸಿ, ಅಲುಗಾಡಿಸದೆ ಬ್ಯಾಕ್ಟೀರಿಯಾ ಹಾಕಿದೆ. ಈ ಬಾರಿ ಸರಿಯಾಗಿ ಬಂತು.

ಆಮೇಲೆ ಬೆಳೆದ ಬ್ಯಾಕ್ಟೀರಿಯಾವನ್ನು ಕಾಪಿಡುವ ಕೆಲಸ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಇಟ್ಟರೆ ಕೆಲವು ವಾರಕ್ಕೊಮ್ಮೆ ಹೊಸ ಟ್ಯೂಬಿಗೆ ದಾಟಿಸಬೇಕು. ವರ್ಷಗಟ್ಟಲೆ ಉಳಿಯಬೇಕಾದರೆ ಶೇ. 20ರಷ್ಟು ಗ್ಲಿಸರಿನ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಗ್ಲಿಸರಿನ್ ಇಲ್ಲದಿದ್ದರೆ ಮಂಜಿನ ಹರಳುಗಳು ಜೀವಕೋಶವನ್ನು ಹರಿದುಹಾಕುತ್ತವೆ. ಇದನ್ನೇ ದೊಡ್ಡದಾಗಿ ಮಾಡುವ ಡಿಎಸ್‌ಎಂಝಡ್ ಎಂಬ ಸಂಸ್ಥೆ ಈ ಊರಿನಲ್ಲೇ ಇದೆ. ಅದು 1969ರಲ್ಲಿ ಶುರುವಾದದ್ದು.

ಅಮ್ಮ, ದಿನಾ ರಾತ್ರಿ ನೀನು ಹಾಲಿಗೆ ಹೆಪ್ಪು ಹಾಕುವುದೂ ಇಂಥದೇ ಕೆಲಸ. ನಿನ್ನ ಹತ್ತಿರ ಮೈನಸ್ 80 ಇಲ್ಲ, ಒಂದು ದಿನವೂ ತಪ್ಪುವ ಹಾಗಿಲ್ಲ. ನಮ್ಮ ಮನೆಯ ಹೆಪ್ಪು ಎಲ್ಲಿಂದ ಬಂದದ್ದು? ಅಜ್ಜಿ ತವರಿನಿಂದ ತಂದದ್ದಾ? ಅವರ ಹತ್ತಿರ ಕೇಳಿ ಮರೆಯದೆ ಬರಿ.

ನಿಮ್ಮ ಮಗ